ಅಡಿಮರದ ಹಿಂದಿನ ತುಂಡು

ಲಬುವಾನ್ ಬಾಜೊ ಬಂದರು

ಪ್ರೀತಿಯ ಅಮ್ಮನಿಗೆ ರಮ್ಲಾಳ ಸಲಾಮು.

ಮುಂದಿನ ತಿಂಗಳು ನಮ್ಮ ಹಾಯಿಹಡಗನ್ನು ಒಂದು ಕುಟುಂಬದವರು ಬಾಡಿಗೆಗೆ ಹಿಡಿದಿದ್ದಾರೆ. ಕೊಮೊಡೊ, ಪಡಾರ್ ದ್ವೀಪಗಳನ್ನೆಲ್ಲ ಸುತ್ತಿಸಬೇಕು. ಹಡಗು ನಡೆಸಲು ನಾನಿದ್ದೇನೆ, ಅಡುಗೆಗೆ ಯಾರೂ ಇಲ್ಲ. ನೀನು ಬಾ.

"ನಿಮ್ಮಮ್ಮ ಯಾವತ್ತಾದ್ರೂ ಹಡಗು ಹತ್ತಿದ್ದಾಳೇನೇ? ಒಂದು ಅಲೆ ಎದ್ರೆ ಅನ್ನದ ಪಾತ್ರೆ ಜೊತೆ ತಾನೂ ಉರುಳ್ತಾಳೆ" ಅಂತ ಅಪ್ಪ ಫೋನಿನಲ್ಲಿ ನಕ್ಕರು. ನಗಲಿ. ಅವರು ಹಡಗು ನಡೆಸಿದಷ್ಟು ಕಾಲವೂ ನೀನು ಹೊಸ್ತಿಲಲ್ಲಿ ನಿಂತು ಗಾಳಿ ನೋಡಿ, "ಇವತ್ತು ಬರ್ತಾರೆ" ಅಂದು ಒಲೆ ಹಚ್ಚುತ್ತಿದ್ದೆ. ಹಾಯಿ ಕಾಣುವ ಹೊತ್ತಿಗೆ ಜೋಳದ ಗಂಜಿ ಬೆಂದಿರುತ್ತಿತ್ತು. ಒಮ್ಮೆಯೂ ತಪ್ಪಲಿಲ್ಲ. ಗಾಳಿಯ ಗುಣ ನನಗಿನ್ನೂ ಅಷ್ಟು ತಿಳಿಯುವುದಿಲ್ಲಮ್ಮಾ.

ಹೊರಡುವಾಗ ಒಂದು ಕೆಲಸ ಮಾಡು. ಈ ಹಡಗು ಕಟ್ಟಲು ಶುರುಮಾಡಿದ ದಿನ, ಪದ್ಧತಿಯಂತೆ ಹಡಗಿನ ತಳಕ್ಕೆ ಉದ್ದಕ್ಕೂ ಹಾಕುವ ಅಡಿಮರದ ಎರಡೂ ತುದಿ ಕೊಯ್ದು, ಮುಂದಿನ ತುಂಡನ್ನು ಹೊರಟ ಗಂಡ ಅಂತ ಸಮುದ್ರಕ್ಕೆ ಎಸೆದರು. ಹಿಂದಿನದನ್ನು ಕಾಯುವ ಹೆಂಡತಿ ಅಂತ ನಿನ್ನ ಕೈಗೆ ಕೊಟ್ಟರು. ಅದಿನ್ನೂ ನಿನ್ನ ಬಟ್ಟೆಪೆಟ್ಟಿಗೆಯಲ್ಲಿದೆ. ಅದನ್ನು ಅಪ್ಪನ ಕೈಗೆ ಕೊಟ್ಟು ಬಾ.

ನಾವು ಮರಳುವ ದಿನ ಮಾತ್ರ ಹೇಳಬೇಡ. ಗಾಳಿ ನೋಡಿ ಅವರೇ ಒಲೆ ಹಚ್ಚಿ ಗಂಜಿ ಬೇಯಿಸಲಿ.

ನಿನ್ನ ದಾರಿ ಕಾಯುವ ಮಗಳು,
ರಮ್ಲಾ