ಮೂರನೇ ಬೋರ್ಡಿನ ಕುರ್ಚಿ

ಭಾನುವಾರ ಸಂಜೆ

ನನ್ನ ಮಗಳ ಅಪ್ಪನಿಗೆ,

ಬೇರೆ ಮನೆ ಮಾಡಿದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಬರೆದಿದ್ದೇನೆ. ಆಸ್ಪತ್ರೆಗೆ ಬರಬೇಡ ಎಂದು ಹೇಳಿ ಕಳಿಸಿದಿರಿ, ಆಯಿತು, ಬರಲಿಲ್ಲ. ಮಗಳು ಇದನ್ನು ಓದಿ ಹೇಳುತ್ತಾಳೆ. ಸುಮ್ಮನೆ ಕೇಳಿಸಿಕೊಳ್ಳಿ, ನಿಮಗೆ ಅಭ್ಯಾಸವಿಲ್ಲದ ಕೆಲಸ ಅದು.

ಇವತ್ತು ಚೆಸ್ ಲೀಗಿನ ಕೊನೆಯ ಪಂದ್ಯ, ನಿಮ್ಮ ಪ್ರೆಸ್ಸಿನ ತಂಡಕ್ಕೂ ನಮ್ಮ ಶಾಲೆಯ ತಂಡಕ್ಕೂ. ಸೋತರೆ ನಿಮ್ಮವರು ಕೆಳಗಿನ ದರ್ಜೆಗೆ ಬೀಳುತ್ತಿದ್ದರು. ಪ್ರತಿ ವರ್ಷ ಮೂರನೇ ಬೋರ್ಡಿನಲ್ಲಿ ನೀವು, ಎದುರಿಗೆ ನಾನು. ಆಡುವಾಗ ಮಾತಾಡಬಾರದೆಂಬ ನಿಯಮ ಇಬ್ಬರಿಗೂ ಅನುಕೂಲವೇ ಆಗಿತ್ತು. ನಾವು ಎದುರುಬದುರು ಕೂರುತ್ತಿದ್ದದ್ದು ಅಲ್ಲೊಂದೇ ಕಡೆ.

ಇವತ್ತು ನಿಮ್ಮ ಜಾಗಕ್ಕೆ ಬೈಂಡಿಂಗ್ ಮಾಡುವ ಮೀಸೆಯವರು ಬಂದಿದ್ದರು, ಬೆರಳಿಗೆಲ್ಲ ಗೋಂದು. ನಾನು ಎಂದಿನಂತೆ ಆತುರಪಟ್ಟು ರಾಣಿಯನ್ನು ಮುಂದೆ ಬಿಟ್ಟೆ. ಅವರ ಕುದುರೆ ರಾಜನಿಗೂ ರಾಣಿಗೂ ಒಟ್ಟಿಗೇ ಗುರಿಯಿಟ್ಟಿತು. ನಗಬೇಡಿ. ನಿನ್ನ ರಾಣಿ ಒಂದು ಗಳಿಗೆ ಮನೇಲಿ ಕೂರಲ್ಲ ಕಣೇ ಎಂದು ನೀವು ರೇಗಿಸುತ್ತಿದ್ದದ್ದು ನೆನಪಾಯಿತು. ನಾನು ಸೋತೆ, ನಿಮ್ಮ ತಂಡ ಕೂದಲೆಳೆಯಲ್ಲಿ ಪಾರಾಯಿತು. ಆ ಕುರ್ಚಿ ಯಾವತ್ತಿದ್ರೂ ನಿಮ್ಮದೇ ಎಂದು ನಿಮ್ಮ ಕ್ಯಾಪ್ಟನ್ ಹೇಳಿದರು.

ನಿಮ್ಮ ಮೇಲಿನ ಸಿಟ್ಟು ಇದ್ದೇ ಇದೆ. ಆದರೂ ಆ ಕಾಯಿಗಳ ಮೇಲೆ ನಿಮ್ಮ ಕೈಯನ್ನೇ ಹುಡುಕುತ್ತಿದ್ದೆ. ತಂಡದ ಚಿಂತೆ ಬಿಡಿ, ಚೆನ್ನಾಗಿ ನಿದ್ದೆ ಮಾಡಿ.

ಇಂತಿ,
ನಿಮ್ಮ ಎದುರಾಳಿ

ತಾ. ಕ.: ಮಗಳೇ, ಇಲ್ಲಿಂದ ಮುಂದಿನದನ್ನು ಓದಿ ಹೇಳಬೇಡ. ಇವತ್ತು ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಬಂದೇ ಬರ್ತೀನಿ, ನನ್ನ ಹೆಸರು ತೆಗೀಬೇಡಿ ಎಂದು ನಿಮ್ಮಪ್ಪ ಕ್ಯಾಪ್ಟನ್‌ಗೆ ಫೋನು ಮಾಡಿದ್ದರಂತೆ. ಪಾಪ, ಕ್ಯಾಪ್ಟನ್ ನಂಬಿ ಬೆಳಿಗ್ಗೆ ಆಟಗಾರರ ಪಟ್ಟಿಯಲ್ಲಿ ಆ ಹೆಸರನ್ನೇ ಕೊಟ್ಟಿದ್ದರು. ಒಮ್ಮೆ ಕೊಟ್ಟರೆ ಬದಲಿಸುವಂತಿಲ್ಲ. ನಾನು ಒಂದು ನಡೆ ಆಡಿ ಗಡಿಯಾರ ಒತ್ತಿದೆ. ಖಾಲಿ ಕುರ್ಚಿಯ ಮುಂದೆ ಅಪ್ಪನ ಸಮಯ ಓಡುತ್ತಾ ಓಡುತ್ತಾ ಮುಗಿದುಹೋಯಿತು. ನಾನು ಎದ್ದು ಹೋಗಲಾರದೆ ನೋಡುತ್ತಾ ಕೂತಿದ್ದೆ. ಅಂಕ ನನಗೆ ಬಂತು, ಆ ಒಂದು ಅಂಕದಿಂದಲೇ ಅವರ ತಂಡ ಬಿತ್ತು. ಇದು ಅವರ ಕಿವಿಗೆ ಬೀಳುವುದು ಬೇಡ. ಅಪ್ಪನಿಗೆ ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ನನಗೂ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಬರುತ್ತೇನೆ, ಅವರು ಬೇಡವೆಂದರೂ ಸರಿ. ಹಾಸಿಗೆಯ ಎದುರಿಗೆ ಒಂದು ಕುರ್ಚಿ ಹಾಕಿರು.