ಸಾಂ ಮಾಲೋದ ಒದ್ದೆ ಕಲ್ಲುಗಳು

ಪ್ರೀತಿಯ ಶಾಮಸುಂದರನಿಗೆ,

ದುಬೈಯ ಮಿರ್ದಿಫ್‌ನ ಮಗಳ ಮನೆಯಿಂದ ನಿನ್ನ ಹಳೆಯ ರೂಮ್‌ಮೇಟ್ ಉಮ್ಮರಬ್ಬ ಸಲಾಮನ್ನೂ ನಮಸ್ಕಾರವನ್ನೂ ಒಟ್ಟಿಗೇ ಕಳಿಸುತ್ತಿದ್ದಾನೆ. ಫೋನಿರುವಾಗ ಈ ಮುದುಕ ಕಾಗದ ಯಾಕೆ ಹಿಡಿದ ಎಂದು ನೀನು ಕೇಳಿಯೇ ಕೇಳುತ್ತೀಯ. ಫೋನಿನಲ್ಲಿ ಹೇಳಲು ಹೊರಟಾಗಲೆಲ್ಲ, ಮಾರಾಯ, "ಫೋಟೋ ಬಂತಲ್ಲ, ಚೆನ್ನಾಗಿದೆಯಲ್ಲ" ಎಂದು ಮಾತು ಹಾರಿಸಿದೆ. ನಿನಗೆ ಬಂದ ಫೋಟೋಗಳೆಲ್ಲ ಆ ದಿನ ಮಧ್ಯಾಹ್ನಕ್ಕೆ ಮೊದಲು ತೆಗೆದವು. ಆಮೇಲೆ ನಮ್ಮಲ್ಲಿ ಯಾರೂ ಫೋಟೋ ತೆಗೆಯಲಿಲ್ಲ.

ಈದ್ ರಜೆಗೆ ಫ್ರಾನ್ಸಿಗೆ ಹೋಗುವುದು ಅಳಿಯ ರಾಝಿಕ್‌ನ ಆಸೆ. "ಪ್ಯಾರಿಸ್ ಎಲ್ಲರೂ ನೋಡ್ತಾರೆ ಮಾಮ, ನಿಮಗೆ ಕಡಲ ಬದಿಯ ಊರು ತೋರಿಸುವ" ಎಂದ. ಹಾಗೆ ಹೋದದ್ದು ಸಾಂ ಮಾಲೋ ಎಂಬ ಊರಿಗೆ. ಮಗಳು ಜುಮಾನಾ, ಅಳಿಯ, ಏಳು ವರ್ಷದ ಮೊಮ್ಮಗಳು ಶಿಫಾನಾ, ಮತ್ತು ಕೋಟು ಹಾಕಿದ ನಾನು. ಕೋಟಿನಲ್ಲಿ ನಾನು ಮದುಮಗನ ಹಾಗೆ ಕಾಣುತ್ತಿದ್ದೇನೆ ಎಂದು ನೀನೇ ಬರೆದಿದ್ದೆಯಲ್ಲ, ಅದೇ ಕೋಟು. ಈಗ ಅದು ಕಪಾಟಿನ ಹಿಂದೆ ಬಿದ್ದಿದೆ, ಉಪ್ಪಿನ ಕಲೆ ಹೋಗಿಲ್ಲ.

ಅಲ್ಲಿ ಕಾಲಿಟ್ಟ ಕೂಡಲೇ ನಿನ್ನ ನೆನಪಾಯಿತು. ಕೋಟೆ ಎಂದರೆ ನಿನಗೆ ಹುಚ್ಚು. ಅಬುಧಾಬಿಯ ಮುಸಫ್ಫಾದ ಕೆಲಸಗಾರರ ಕ್ಯಾಂಪಿನಲ್ಲಿ, ಅಟ್ಟದ ಮಂಚಗಳ ನಡುವೆ ಕೂತು ನಿನ್ನೂರು ಶ್ರೀರಂಗಪಟ್ಟಣದ ಒಂದೊಂದು ಬಾಗಿಲನ್ನೂ ನೀನು ವರ್ಣಿಸುತ್ತಿದ್ದರೆ ನಾವೆಲ್ಲ ಗೊರಕೆ ಹೊಡೆದಂತೆ ನಟಿಸುತ್ತಿದ್ದೆವು. ಈ ಊರನ್ನು ನೀನು ನೋಡಬೇಕಿತ್ತು. ಇಡೀ ಊರಿಗೆ ಕಲ್ಲಿನ ಗೋಡೆ, ಗೋಡೆಯ ತಲೆಯ ಮೇಲೇ ಸುತ್ತ ನಡೆಯಬಹುದು. ಒಂದು ಕಡೆ ಮನೆಗಳ ಕಿಟಕಿ, ಒಳಗೆ ಯಾರದೋ ಬೆಕ್ಕು ಮಲಗಿದೆ. ಇನ್ನೊಂದು ಕಡೆ ನೇರ ಕಡಲು. ಹಿಂದಿನ ಕಾಲದಲ್ಲಿ ಇಲ್ಲಿನ ನಾವಿಕರು ರಾಜನ ಅಪ್ಪಣೆ ಪಡೆದೇ ಶತ್ರುಗಳ ಹಡಗು ದೋಚುತ್ತಿದ್ದರಂತೆ. ಆ ದುಡ್ಡಿನಲ್ಲಿ ಕಟ್ಟಿದ ಮನೆಗಳು ಎಂದು ರಾಝಿಕ್ ಕೈ ತೋರಿಸಿದ. ನಾನು ಭಕ್ತಿಯಿಂದ ಒಂದು ಮನೆಯ ಗೋಡೆಗೆ ಅಂಗೈ ಒತ್ತಿ ನಿಂತೆ. ಅಷ್ಟರಲ್ಲಿ ಜುಮಾನಾ ಫೋನಿನಲ್ಲಿ ಓದಿ ಹೇಳಿದಳು: ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಈ ಊರಿನ ಹೆಚ್ಚಿನ ಮನೆಗಳು ಸುಟ್ಟು ಹೋಗಿದ್ದವು, ಆಮೇಲೆ ಹಳೆಯದರ ಹಾಗೆಯೇ ಮತ್ತೆ ಕಟ್ಟಿದರು. ಅಂದರೆ ನಾನು ಮುಟ್ಟಿದ ಮನೆ ಹೆಚ್ಚುಕಡಿಮೆ ನನ್ನ ವಾರಗೆಯದು! ನನಗೆ ಯಾರೋ ಮೋಸ ಮಾಡಿದಂತಾಯಿತು. ಕಣ್ಣಿಗೆ ಕಂಡದ್ದನ್ನು ನಂಬಬಾರದ ಊರು ಇದು ಎಂದು ಆಗಲೇ ಗೊತ್ತಾಗಬೇಕಿತ್ತು ನನಗೆ.

ಮಾರನೆಯ ಬೆಳಿಗ್ಗೆ ಗೋಡೆ ಹತ್ತಿದರೆ, ಶಾಮಾ, ಕಡಲೇ ಇಲ್ಲ! ಹಿಂದಿನ ಸಂಜೆ ಗೋಡೆಯ ಬುಡಕ್ಕೆ ಬಡಿಯುತ್ತಿದ್ದ ನೀರನ್ನು ಯಾರೋ ಮೊಗೆದುಕೊಂಡು ಹೋದಂತೆ ಕಣ್ಣು ಹಾಯುವಷ್ಟು ದೂರ ಬರೀ ಮರಳು. ದೋಣಿಗಳು ಮಗ್ಗುಲಾಗಿ ಬಿದ್ದಿವೆ. ಸಂಜೆ ನೀರಿನ ಮೇಲೆ ತುದಿ ಮಾತ್ರ ಕಾಣುತ್ತಿದ್ದ ಒಂದು ಸಿಮೆಂಟಿನ ಕಟ್ಟೆ, ಈಗ ನೋಡಿದರೆ ದಡದಲ್ಲಿ ಕಡಲ ನೀರನ್ನೇ ಕಟ್ಟಿಹಾಕಿದ ಈಜುಕೊಳಕ್ಕೆ ಹಾರುವವರ ಎತ್ತರದ ಮೆಟ್ಟಿಲು. ಮನೆಯೆತ್ತರದ ನೀರು ಹಾಗೆ ಎದ್ದು ಹೋಗುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಮ್ಮ ಉಳ್ಳಾಲದಲ್ಲಿ ಭರತ ಬಂದರೆ ಕಟ್ಟಿದ ದೋಣಿ ಅಲುಗುತ್ತದೆ, ಮೊಣಕಾಲು ಮುಚ್ಚುತ್ತದೆ, ಮುಗಿಯಿತು. ದುಬೈ ಕಡಲಿಗಂತೂ ಸರಕಾರಿ ನೌಕರಿ, ಕೂತಲ್ಲಿಂದ ಏಳುವುದಿಲ್ಲ. ಬೆರಗಾಯಿತು, ನಿಜ. ಆದರೆ ಹೆದರಿಕೆ ಆಗಲಿಲ್ಲ. ಹೆದರುವ ಬುದ್ಧಿ ಇದ್ದಿದ್ದರೆ ಈ ಕಾಗದವೇ ಬೇಕಿರಲಿಲ್ಲ.

ನೀರು ಇಳಿದಾಗ ಮರಳಿನ ನಡುವೆ ಕಲ್ಲಿನ ಒಂದು ದಾರಿ ಏಳುತ್ತದೆ. ಅದು ಎದುರಿನ ಸಣ್ಣ ಗುಡ್ಡಕ್ಕೆ ಹೋಗುತ್ತದೆ. ನೀರು ಏರಿದಾಗ ಆ ಗುಡ್ಡ ದ್ವೀಪ. ರಾಝಿಕ್ ತಿಂಡಿ ತರಲು ಸಾಲಿನಲ್ಲಿ ನಿಂತಿದ್ದ, ಜುಮಾನಾಳ ಚಪ್ಪಲಿ ಕಚ್ಚುತ್ತಿತ್ತು. ಶಿಫಾನಾ ನನ್ನ ಕೋಟಿನ ತೋಳು ಎಳೆದಳು. ನಾವಿಬ್ಬರೇ ಹೊರಟೆವು. "ಜಾಗ್ರತೆ ಉಪ್ಪಾ" ಎಂದು ಜುಮಾನಾ ಕೂಗಿದ್ದಕ್ಕೆ ನಾನು ಹಿಂದೆ ತಿರುಗದೆಯೇ ಹೇಳಿದೆ: "ಕಡಲು ನನ್ನ ಮನೆಯಂಗಳ." ಈ ಮಾತು ನೀನು ಎಷ್ಟು ಸಲ ಕೇಳಿದ್ದೀಯೋ.

ದಾರಿಯ ಬಾಯಿಯಲ್ಲಿ ಇಂಗ್ಲಿಷಿನಲ್ಲೂ ಬರೆದ ಬೋರ್ಡು ಇತ್ತು. ಓದಲಿಲ್ಲ ಎಂದಲ್ಲ, ಓದಿ ನಕ್ಕೆ. ನೀರು ದಾರಿ ಮುಚ್ಚಿದರೆ ದಾಟಬೇಡಿ, ಗುಡ್ಡದ ಮೇಲೇ ಆರು ಗಂಟೆ ಕಾಯಿರಿ ಎಂದಿತ್ತು. ಉಳ್ಳಾಲದವನಿಗೆ ಇದನ್ನು ಹೇಳಬೇಕೇ? ಮೇಲೆ ಹತ್ತಿದೆವು. ತುದಿಯಲ್ಲಿ ಕಡಲಿಗೆ ಮುಖ ಮಾಡಿದ ಒಂದು ಗೋರಿ, ಅದರ ಮೇಲೆ ಕಲ್ಲಿನ ಶಿಲುಬೆ. ಹೆಸರೇ ಬರೆದಿಲ್ಲ. ಅಲ್ಲಿಂದ ಗೋಡೆ ಸುತ್ತಿದ ಊರು, ನಡುವೆ ಚರ್ಚಿನ ಗೋಪುರ, ಆಚೆ ಬಂಡೆಯ ಮೇಲೆ ಇನ್ನೊಂದು ಕೋಟೆ. ಅಲ್ಲೇ ಕೂತು ನಾನು ಅವಳಿಗೆ ನನ್ನ ಬಾಪನ ದೋಣಿಯ ಕತೆ ಹೇಳತೊಡಗಿದೆ. ನನ್ನ ಕತೆಗಳ ಉದ್ದ ನಿನಗೆ ಗೊತ್ತು. ನಡುವೆ ಅವಳು ಕೆಳಗೆ ನೋಡಿ ಕೇಳಿದಳು: "ಉಪ್ಪಾಪ, ಈಸ್ ಇಟ್ ಕಮಿಂಗ್ ಆರ್ ಗೋಯಿಂಗ್?"

ನಾನು ಕಲ್ಲುಗಳನ್ನು ನೋಡಿದೆ. ಬಾಪ ಕಲಿಸಿದ ವಿದ್ಯೆ ಅದು. ನೀರಿನ ಅಂಚಿಗಿಂತ ಮೇಲಿನ ಕಲ್ಲು ಒಣಗಿದ್ದರೆ ಕಡಲು ಏರುತ್ತಿದೆ, ಒದ್ದೆಯಿದ್ದರೆ ಆಗ ತಾನೇ ಇಳಿದಿದೆ. ಕಲ್ಲು ಒದ್ದೆಯಿತ್ತು. "ಹೋಗ್ತಾ ಉಂಟು ಮಗಾ" ಎಂದೆ. ಆ ಕಲ್ಲುಗಳಿಗೆ ಗೇಣುದ್ದ ಪಾಚಿ ಬೆಳೆದಿತ್ತು. ಪಾಚಿಯಿದ್ದ ಕಲ್ಲು ದಿನವಿಡೀ ಒದ್ದೆಯೇ ಇರುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ. ಉಳ್ಳಾಲದ ಕಲ್ಲಿಗೆ ಅಷ್ಟು ಪಾಚಿ ಇಲ್ಲ.

ಇಳಿದು ಬಂದಾಗ ದಾರಿಯ ಮೇಲೆ ತೆಳ್ಳಗೆ ನೀರು ಹರಿಯುತ್ತಿತ್ತು. ಪಾದ ಮುಳುಗುವಷ್ಟು. ಇಳಿಯುವ ನೀರಲ್ಲವೇ, ಅವಳ ಶೂ ಬಿಚ್ಚಿಸಿ ಕೈ ಹಿಡಿದು ಹೊರಟೆ. ನೀರು ಎರಡೂ ಕಡೆಯಿಂದ ಬಂತು. ಅಲೆಯಿಲ್ಲ, ಸದ್ದಿಲ್ಲ, ಸುಮ್ಮನೆ ಬಂತು. ಅರ್ಧ ದಾರಿಗೆ ನನ್ನ ಮೊಣಕಾಲು, ಅವಳ ಸೊಂಟ. ಅವಳನ್ನು ಹೆಗಲಿಗೆ ಹಾಕಿದೆ. ಹಿಂದೆ ನೋಡಿದರೆ ಗುಡ್ಡದ ಬುಡದ ದಾರಿ ಆಗಲೇ ಕಾಣೆ. ದಡದಲ್ಲಿ ಜುಮಾನಾ ಎರಡೂ ಕೈ ಬೀಸುತ್ತಿದ್ದಳು, ದನಿ ಕೇಳಿಸುತ್ತಿರಲಿಲ್ಲ. ನೀರು ನನ್ನ ಎದೆಗೆ ಬಂದಾಗ ಕಾಲಡಿಯ ಕಲ್ಲು ಜಾರಿತು. ಶಾಮಾ, ನಾನು ಈಜು ಬಲ್ಲವನು, ಕಡಲಲ್ಲಿ ಹುಟ್ಟಿದವನು, ಆ ಹೊತ್ತಿನಲ್ಲಿ ಕೈಕಾಲು ನನ್ನವಲ್ಲ ಎನಿಸಿತು. ಅವಳು ನನ್ನ ಕೂದಲು ಹಿಡಿದು ಅಳದೆ ಕೂತಿದ್ದಳು. "ಯು ಸೆಡ್ ಗೋಯಿಂಗ್" ಎಂದಳು, ಅಷ್ಟೇ. ಬೈಗುಳವಲ್ಲ ಅದು. ಅವಳಿಗೆ ಅರ್ಥವಾಗಿರಲಿಲ್ಲ.

ಆಮೇಲೆ ಒಂದು ಕೆಂಪು ಟೋಪಿ ಕಂಡಿತು. ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು, ಆ ಕೊಳದಲ್ಲಿ ಈಜಲು ಬಂದವಳಿರಬೇಕು, ಅಡ್ಡಕ್ಕೆ ಈಜಿ ಬಂದು ಮಗುವನ್ನು ನನ್ನ ಹೆಗಲಿನಿಂದ ಕಿತ್ತುಕೊಂಡಳು. ಅವಳ ಹಿಂದೆಯೇ ಬಂದ ರಾಝಿಕ್ ನನ್ನ ಕೋಟಿನ ಕಾಲರ್ ಹಿಡಿದ. ಇಬ್ಬರೂ ಸೇರಿ ನಮ್ಮನ್ನು ದಡಕ್ಕೆ ಎಳೆದರು. ಆ ಹೆಂಗಸು ಫ್ರೆಂಚಿನಲ್ಲಿ ನನ್ನನ್ನು ಬೈದಳು. ಒಂದು ಪದ ಬಾರದಿದ್ದರೂ ಪೂರ್ತಿ ಅರ್ಥವಾಯಿತು. ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದೆ. ತಿರುಗಿ ನೋಡಿದರೆ ನಾವು ನಡೆದ ಜಾಗದಲ್ಲಿ ಬರೀ ಹಸಿರು ನೀರು, ದಾರಿ ಇತ್ತು ಎಂಬ ಗುರುತೂ ಇಲ್ಲ. ಜನ ಐಸ್‌ಕ್ರೀಂ ತಿನ್ನುತ್ತ ಅದನ್ನೇ ನೋಡಿ ಚೆಂದ ಚೆಂದ ಎನ್ನುತ್ತಿದ್ದರು.

ಜುಮಾನಾ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಮಗುವಿಗೆ ಬಟ್ಟೆ ಬದಲಿಸಿದಳು, ನನಗೂ ಟವೆಲ್ ಕೊಟ್ಟಳು. ಕಾರಿನಲ್ಲಿ ಕೂತ ಮೇಲೆ ಮೆಲ್ಲಗೆ ಹೇಳಿದಳು: "ಉಪ್ಪಾ, ಇನ್ನು ಅವಳ ಕೈ ನಾನೇ ಹಿಡಿಯುತ್ತೇನೆ." ಕಡಲು ಎದೆಮಟ್ಟ ಬಂದಾಗಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಅವಳು ಹೇಳಿದ್ದು ಸರಿ.

ದುಬೈಗೆ ಬಂದ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಮೊದಲು ಸಂಜೆ ಶಾಲೆಯ ಬಸ್ಸಿನಿಂದ ಅವಳನ್ನು ಕರೆತರುತ್ತಿದ್ದವನು ನಾನು, ಈಗ ಮನೆಗೆಲಸದ ನ್ಯಾನ್ಸಿ ಹೋಗುತ್ತಾಳೆ. ಶಿಫಾನಾ ನನ್ನ ಹತ್ತಿರ ಬಂದರೆ ನಾನೇ ಕೈ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಮೇಲೆ ವಿಮಾನ ಇಳಿಯುವ ಸದ್ದಾದರೂ ಬೆಚ್ಚುತ್ತಿದ್ದೆ. ಊರಿಗೆ ಟಿಕೆಟ್ ಮಾಡಿಸು ಎಂದು ರಾಝಿಕ್‌ಗೆ ಹೇಳಿದ್ದೂ ಆಯಿತು. ಮೊಮ್ಮಗಳ ಕೈ ಹಿಡಿಯಲಾರದ ಅಜ್ಜನಿಗೆ ಈ ಮನೆಯಲ್ಲಿ ಏನು ಕೆಲಸ ಹೇಳು.

ಮೊನ್ನೆ ಶುಕ್ರವಾರ ನಮಾಜು ಮುಗಿಸಿ ಬಂದಾಗ ಎಲ್ಲರೂ ಮಮ್ಝರ್ ಬೀಚಿಗೆ ಹೊರಟಿದ್ದರು. ನಾನು ಬರುವುದಿಲ್ಲ ಎಂದೆ. ಶಿಫಾನಾ ಬಾಗಿಲಲ್ಲಿ ಕೂತುಬಿಟ್ಟಳು, ಉಪ್ಪಾಪ ಬಾರದೆ ತಾನು ಏಳುವುದಿಲ್ಲವಂತೆ. ಹಟದಲ್ಲಿ ನನ್ನದೇ ರಕ್ತ. ಹೋದೆ. ಚಾಪೆಯ ಮೇಲೆ ನೀರಿಗೆ ಬೆನ್ನು ಮಾಡಿ ಕೂತೆ. ಅವಳು ಬಂದು ಎದುರು ನಿಂತು ಕೈ ಚಾಚಿದಳು. ಜುಮಾನಾ ಹಣ್ಣು ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು. "ಉಪ್ಪಾಪ, ಈಸ್ ಇಟ್ ಕಮಿಂಗ್ ಆರ್ ಗೋಯಿಂಗ್?" ಎಂದು ಅದೇ ದನಿಯಲ್ಲಿ, ಅದೇ ನಂಬಿಕೆಯಲ್ಲಿ ಕೇಳಿದಳು ಶಾಮಾ! ನಾನು ಹಿಂದೆ ತಿರುಗಿದೆ. ನೀರಿನ ಬದಿಯ ಕಲ್ಲುಗಳನ್ನು ನೋಡಿದೆ. ಒದ್ದೆಯಿದ್ದವು. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು: "ನನಗೆ ಗೊತ್ತಿಲ್ಲ ಮಗಾ."

ಅವಳಿಗೆ ಅದೊಂದು ದೊಡ್ಡ ವಿಷಯವೇ ಅಲ್ಲ. "ಓಕೆ. ಲೆಟ್ಸ್ ಆಸ್ಕ್" ಎಂದಳು.

ಆಗ ನೀನು ಬಂದೆ ನೋಡು ಕಣ್ಣ ಮುಂದೆ. ಅಬುಧಾಬಿಯ ಕಾರ್ನಿಶ್ ಕಡಲತೀರದಲ್ಲಿ ಪ್ರತಿ ಶುಕ್ರವಾರ ಪ್ಯಾಂಟು ಮಡಚಿ, ಪಾದ ಒದ್ದೆ ಮಾಡುವ ಮೊದಲು ಲೈಫ್‌ಗಾರ್ಡ್‌ನ ಬಳಿ ಹೋಗಿ "ಕಮಿಂಗಾ, ಗೋಯಿಂಗಾ?" ಎಂದು ಕೇಳುತ್ತಿದ್ದ ಮೈಸೂರು ಕಡೆಯ ಬಾವಿಕಪ್ಪೆ. ನಾನು ಇಡೀ ಕ್ಯಾಂಪಿಗೆ ನಿನ್ನ ಅಣಕ ಮಾಡಿ ತೋರಿಸುತ್ತಿದ್ದೆ, ನೀನೂ ನಗುತ್ತಿದ್ದೆ. ಆದರೆ ಮುಂದಿನ ಶುಕ್ರವಾರ ಮತ್ತೆ ಹೋಗಿ ಕೇಳುತ್ತಿದ್ದೆ. ನಿನಗೆ ನಾಚಿಕೆಯೇ ಇಲ್ಲ ಎಂದುಕೊಂಡಿದ್ದೆ.

ನಾನು ಎದ್ದು ಜುಮಾನಾಳ ಮುಖ ನೋಡಿದೆ. ಅವಳೂ ನನ್ನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ಮತ್ತೆ ಹಣ್ಣು ಹೆಚ್ಚತೊಡಗಿದಳು. "ಕೇಳಿಕೊಂಡು ಹೋಗಿ, ಉಪ್ಪಾ" ಎಂದಳು. ನಾನು ಜೇಬಿನಿಂದ ಕೈ ತೆಗೆದೆ. ಶಿಫಾನಾ ಅದನ್ನು ಹಿಡಿದು ಮುಂದೆ ಮುಂದೆ ಎಳೆದುಕೊಂಡು ಹೋದಳು. ಉಳ್ಳಾಲದ ಉಮ್ಮರಬ್ಬ ದುಬೈಯ ಆ ಸಾಧು ನೀರಿನ ಮುಂದೆ, ಮಗನ ವಯಸ್ಸಿನ ಲೈಫ್‌ಗಾರ್ಡ್‌ನ ಹತ್ತಿರ ಕೈಕಟ್ಟಿ ನಿಂತು ಕೇಳಿದ, "ಕಮಿಂಗಾ, ಗೋಯಿಂಗಾ?"

ಟಿಕೆಟ್ ಬೇಡ ಎಂದು ರಾಝಿಕ್‌ಗೆ ಹೇಳಿದ್ದೇನೆ. ನಿನ್ನ ಮಂಡಿನೋವು ಬೇಗ ಇಳಿಯಲಿ, ಕಾವೇರಿ ನಿನ್ನ ಊರಿನ ಮೆಟ್ಟಿಲ ಹತ್ತಿರ ಸಾವಕಾಶವಾಗಿ ಹರಿಯಲಿ, ನೀರಿಗಿಳಿಯುವ ಮೊದಲು ಕೇಳುವ ನಿನ್ನ ಆ ಹೆದರಿಕೆಯನ್ನು ದೇವರು ನಿನಗೆ ಕಡೆಯವರೆಗೂ ಉಳಿಸಲಿ. ನನಗೂ ಅದರಲ್ಲಿ ಒಂದು ಪಾಲು ಸಿಗಲಿ ಎಂದು ದುವಾ ಮಾಡು.

ಈಗ ಕೇಳಲು ಕಲಿತ ನಿನ್ನ ಗೆಳೆಯ,
ಉಮ್ಮರಬ್ಬ