ಕಿಟಕಿಯ ಬದಿ

ಫೆಬ್ರವರಿ 10, ಮಂಗಳವಾರ

ತಂಗಿ ಪ್ರಾಪ್ತಿಗೆ ಲೋಟ ಗೊತ್ತಾಗುವುದಿಲ್ಲ. ಗೊತ್ತಾಗುತ್ತದೆ ಎಂದು ಇಷ್ಟು ದಿನ ಹೇಳಿದವನು ನಾನೇ.

ಅವಳಿಗೆ ಹತ್ತು ವರ್ಷ. ಮಾತಿಲ್ಲ, ನಡೆಯಲಾರಳು, ಕಣ್ಣು ಮಂದ. ಒಂದು ಕೈಯಲ್ಲಿ ಹಾಲಿನ ಲೋಟ, ಇನ್ನೊಂದರಲ್ಲಿ ಗಿಲಕಿ ಹಿಡಿದು ನಾನು ಕಾಯಬೇಕು. ಬೇಕಾದ ಕಡೆಗೆ ಅವಳು ಕತ್ತು ಹೊರಳಿಸಬೇಕು. ಮನೆಗೆ ಬಂದು ಕಲಿಸುವ ಶರೊನ್ ಟೀಚರ್ ತೋರಿಸಿಕೊಟ್ಟ ಪಾಠ. ಪ್ರತಿ ಸಲವೂ ಲೋಟದ ಕಡೆಗೇ ಹೊರಳುತ್ತಿದ್ದಳು. ಅಮ್ಮ ಇಡೀ ಕಾವೂರಿಗೆ ಹೇಳಿ ಬಂದಿದ್ದರು.

ಇವತ್ತು ಬಲಗೈ ನೋಯಿತೆಂದು ಲೋಟವನ್ನು ಎಡಗೈಗೆ ಬದಲಿಸಿದೆ. ಅವಳು ಗಿಲಕಿಯ ಕಡೆ ಹೊರಳಿದಳು. ಮತ್ತೆ ಬದಲಿಸಿದೆ, ಮತ್ತೆ. ಲೋಟ ಯಾವ ಕೈಯಲ್ಲಿದ್ದರೂ ಅವಳು ಹೊರಳುವುದು ಬಲಗಡೆಯ ಕಿಟಕಿಯ ಬೆಳಕಿಗೆ.

“ನಾಳೆ ಟೀಚರ್ ಇವಳ ಪರೀಕ್ಷೆಗೆ ಬರುವಾಗ ಲೋಟ ಕಿಟಕಿ ಬದಿಗೇ ಹಿಡಿ. ನಿನಗೆ ಎಂತ ನಷ್ಟ ಮಾರಾಯ?” ಅಂದರು ಅಮ್ಮ.

“ಆಗುವುದಿಲ್ಲ ಅಮ್ಮ.”

“ಶಾಲೆ ಬಿಟ್ಟು ಕೂತವನಿಗೆ ಈಗ ಪರೀಕ್ಷೆಯಲ್ಲಿ ನಿಯತ್ತು ಬೇರೆ!”

ಅಮ್ಮ ರಾತ್ರಿ ಊಟ ಮಾಡಲಿಲ್ಲ.

ಟೀಚರ್‌ಗೆ ಹೇಳುತ್ತೇನೆ. ಪರದೆ ಎಳೆದು ಮೊದಲಿನಿಂದ ಶುರು ಮಾಡು ಅನ್ನುತ್ತಾರೆ, ಅದೂ ಗೊತ್ತು. ಆದರೆ ಹುಟ್ಟಿದ ಮೇಲೆ ಅವಳು ತಾನಾಗಿ ಬೇಕೆಂದದ್ದು ಆ ಬೆಳಕೊಂದನ್ನೇ. ಆ ಬೆಳಕಿಗೇ ನಾನು ಪರದೆ ಎಳೆದು, ಈ ಲೋಟವನ್ನು ಬೇಕೆನ್ನಲು ಅವಳಿಗೆ ಹೇಗೆ ಕಲಿಸಲಿ?